ಅಂಟಿನ ಬೊಟ್ಟು ಎಲ್ಲಿ ಬಿತ್ತು?

ಕಾರ್ಖಾನೆ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಡಿಸ್ಪೆನ್ಸಿಂಗ್ ಯಂತ್ರಗಳವು. ಸಿರಿಂಜಿನಿಂದ ಅಂಟು ಅಥವಾ ಸೀಲಂಟ್ ಬಿಡುವುದು ಯಂತ್ರ, ಬಿದ್ದ ಜಾಗ ಸರಿಯೋ ತಪ್ಪೋ ಎಂದು ಹೇಳಬೇಕಾದದ್ದು ಕ್ಯಾಮೆರಾ. ಇವೆರಡರ ನಡುವೆ ಹೊಂದಾಣಿಕೆ ಇಲ್ಲ ಎಂಬುದೇ ಬಹುತೇಕ ಎಲ್ಲರ ದೂರು.

*

ಪ್ರಶ್ನೆ: ನಮ್ಮಲ್ಲಿ ಸರ್ಕ್ಯೂಟ್ ಬೋರ್ಡ್ ಮೇಲೆ ಎಸ್‌ಎಂಟಿ (ಬಿಡಿಭಾಗಗಳನ್ನು ಬೋರ್ಡಿನ ಮೇಲ್ಮೈಗೇ ಕೂರಿಸುವ ವಿಧಾನ) ಕೆಂಪು ಅಂಟಿನ ಬೊಟ್ಟು ಇಡುವ ಯಂತ್ರವಿದೆ. ಸಿರಿಂಜ್ ಹಿಡಿದ ಯಂತ್ರದ ತಲೆಯ ಮೇಲೆ ಕ್ಯಾಮೆರಾ ಇದೆ, ಫಿಡ್ಯೂಷಿಯಲ್ ಗುರುತನ್ನು (ಬೋರ್ಡಿನ ಸ್ಥಾನ ತಿಳಿಯಲು ಅದರ ಮೇಲೆಯೇ ಇರುವ ಗುರುತು) ತಪ್ಪದೆ ಹಿಡಿಯುತ್ತದೆ. ಆದರೂ ಸಿರಿಂಜ್ ಬದಲಿಸಿದಾಗಲೆಲ್ಲ ಬೊಟ್ಟುಗಳು 0.2ರಿಂದ 0.3 ಮಿ.ಮೀ. ಪಕ್ಕಕ್ಕೆ ಬೀಳುತ್ತವೆ. ಕ್ಯಾಮೆರಾ ಬದಲಿಸಬೇಕೆ?
(ಪೀಣ್ಯದಿಂದ ಒಬ್ಬ ಲೈನ್ ಸೂಪರ್‌ವೈಸರ್)

ಉತ್ತರ: ಬೇಡ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಇಲ್ಲಿ ಕುಣಿಯಲಾರದ್ದು ಸೂಜಿ. ಫಿಡ್ಯೂಷಿಯಲ್ ನೋಡಿ ಕ್ಯಾಮೆರಾ ತಿಳಿದುಕೊಳ್ಳುವುದು ಬೋರ್ಡ್ ಎಲ್ಲಿದೆ ಎಂಬುದನ್ನು ಮಾತ್ರ. ಸೂಜಿಯ ತುದಿ ಎಲ್ಲಿದೆ ಎಂಬುದು ಅದಕ್ಕೆ ಕಾಣುವುದೇ ಇಲ್ಲ. ಕ್ಯಾಮೆರಾದ ನಡುಬಿಂದುವಿನಿಂದ ಸೂಜಿಯ ತುದಿಗೆ ಎಷ್ಟು ದೂರ ಎಂದು ಹಿಂದೊಮ್ಮೆ ಅಳೆದು ಯಂತ್ರಕ್ಕೆ ಕೊಟ್ಟ ಅಂಕಿಯನ್ನೇ ಅದು ನಂಬಿಕೊಂಡಿರುತ್ತದೆ. ಆಪರೇಟರ್‌ಗಳು ಆಫ್‌ಸೆಟ್ ಎನ್ನುವುದು ಇದನ್ನೇ. ಸಿರಿಂಜಿನ ಜೊತೆ ಸೂಜಿ ಬದಲಾದ ಕ್ಷಣದಿಂದ ಆ ಅಂಕಿ ಸುಳ್ಳು.

ಎಷ್ಟು ಸುಳ್ಳು ಎಂಬುದಕ್ಕೆ ಲೆಕ್ಕ ಹಾಕಿ. ಸಾಮಾನ್ಯ ಅರ್ಧ ಇಂಚಿನ ಸ್ಟೀಲ್ ಸೂಜಿಯ ಉದ್ದ 12.7 ಮಿ.ಮೀ. ಅದು ಒಂದೇ ಒಂದು ಡಿಗ್ರಿ ವಾಲಿದ್ದರೆ ತುದಿ 0.22 ಮಿ.ಮೀ. ಸರಿಯುತ್ತದೆ. ನಿಮ್ಮ ದೂರಿನ ಅಂಕಿಯೂ ಅದೇ. ಲೂಯರ್ ಲಾಕ್‌ನಲ್ಲಿ (ಸಿರಿಂಜಿನ ತುದಿಯ ತಿರುಪು ಹಿಡಿತ) ಸೂಜಿ ತಿರುಗಿಸಿ ಕೂರಿಸುವಾಗ ಪ್ರತಿ ಸಲ ಒಂದೇ ಕೋನದಲ್ಲಿ ನಿಲ್ಲುವುದಿಲ್ಲ, ಸೂಜಿಯೂ ತನ್ನ ಪ್ಲಾಸ್ಟಿಕ್ ಬುಡದಲ್ಲಿ ಪೂರ್ತಿ ನೆಟ್ಟಗಿರುವುದಿಲ್ಲ. ಒರೆಸುವಾಗ ಬಟ್ಟೆ ತಾಗಿ ಬಾಗಿದ್ದರಂತೂ ಮುಗಿಯಿತು. ಜಾಗ ಸಾಲುವುದಾದರೆ ಕಾಲು ಇಂಚಿನ ಸೂಜಿ ಹಾಕಿ. ಅದೇ ವಾಲಿಗೆ ತಪ್ಪು ಅರ್ಧವಾಗುತ್ತದೆ.

ಸೂಜಿ ಬದಲಿಸಿದಾಗಲೆಲ್ಲ ಹೀಗೆ ಮಾಡಿ. ಫಿಕ್ಸ್ಚರ್‌ನ (ಬೋರ್ಡನ್ನು ಹಿಡಿದಿಡುವ ಚೌಕಟ್ಟು) ಒಂದು ಮೂಲೆಯಲ್ಲಿ ಗಾಜಿನ ಸ್ಲೈಡ್ ಅಂಟಿಸಿ. ಅದರ ಮೇಲ್ಮೈ ಬೋರ್ಡಿನ ಮೇಲ್ಮೈಗೆ ಸಮ ಎತ್ತರದಲ್ಲಿರಬೇಕು, ಈ ಮಾತನ್ನು ಸಡಿಲ ಬಿಡಬೇಡಿ. ಗಾಜು 10 ಮಿ.ಮೀ. ಕೆಳಗಿದ್ದು ಕ್ಯಾಮೆರಾ ಒಂದು ಡಿಗ್ರಿ ಓರೆಯಾಗಿದ್ದರೆ 0.17 ಮಿ.ಮೀ. ತಪ್ಪನ್ನು ನೀವೇ ಕೈಯಾರೆ ಸೇರಿಸಿದಂತಾಗುತ್ತದೆ. ಹೊಸ ಸೂಜಿಯಿಂದ ಮೊದಲ ಹತ್ತು ಹದಿನೈದು ಬೊಟ್ಟುಗಳನ್ನು ಬಿಟ್ಟು ಬಿಸಾಡಿ, ಗಾಳಿ ಹೋಗಲಿ. ಆಮೇಲೆ ಗಾಜಿನ ಮೇಲೆ ಒಂಬತ್ತು ಬೊಟ್ಟು ಇಡಿ, ಮೂರು ಸಾಲು, ಮೂರು ಕಂಬ, ಚುಕ್ಕಿ ರಂಗೋಲಿಯ ಹಾಗೆ. ಹಳೆಯ ಆಫ್‌ಸೆಟ್ ಪ್ರಕಾರ ಕ್ಯಾಮೆರಾವನ್ನು ಒಂದೊಂದರ ಮೇಲೂ ತಂದು, ನಡುಬಿಂದುವಿನಿಂದ ಎಷ್ಟು ಸರಿದಿದೆ ನೋಡಿ. ಒಂಬತ್ತರ ಸರಾಸರಿಯನ್ನು ಆಫ್‌ಸೆಟ್‌ಗೆ ಸೇರಿಸಿ. ಒಂದೇ ಬೊಟ್ಟಿನಿಂದ ತಿದ್ದುವ ಅಭ್ಯಾಸ ಅನೇಕ ಕಡೆ ಇದೆ. ಆ ಒಂದು ಬೊಟ್ಟೇ ಸ್ವಲ್ಪ ಡೊಂಕಾಗಿ ಬಿದ್ದಿದ್ದರೆ ಇಡೀ ಶಿಫ್ಟ್ ಡೊಂಕು.

ಸೂಜಿಯ ತುದಿಯನ್ನು ಅಡ್ಡಹಾಯುವ ಎರಡು ಲೇಸರ್ ಕಿರಣಗಳಿಂದ ಹಿಡಿಯುವ ಸೆನ್ಸರ್ ಕೂಡ ಸಿಗುತ್ತದೆ. ಬೇಗ ಆಗುತ್ತದೆ ನಿಜ, ಆದರೆ ಅದು ಹೇಳುವುದು ಲೋಹದ ತುದಿ ಎಲ್ಲಿದೆ ಎಂದು. ಅಂಟು ಎಲ್ಲಿ ಬೀಳುತ್ತದೆ ಎಂದಲ್ಲ. ತುದಿಯ ಒಂದು ಬದಿಗೆ ಗಟ್ಟಿಯಾದ ಅಂಟು ಮೆತ್ತಿಕೊಂಡಿದ್ದರೆ ಬೊಟ್ಟು ಆ ಕಡೆಗೇ ಎಳೆಯುತ್ತದೆ. ಸೆನ್ಸರ್ ಇದ್ದರೂ ದಿನಕ್ಕೊಮ್ಮೆ ಗಾಜಿನ ಪರೀಕ್ಷೆ ಇರಲಿ.

ಫಿಡ್ಯೂಷಿಯಲ್ ಬಗ್ಗೆಯೂ ಒಂದು ಮಾತು. ಆಫ್‌ಸೆಟ್ ತಪ್ಪಿದ್ದರೆ ಎಲ್ಲ ಬೊಟ್ಟುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿರುತ್ತವೆ. ಒಂದು ಮೂಲೆಯಲ್ಲಿ ಸರಿಯಿದ್ದು ಎದುರು ಮೂಲೆಗೆ ಹೋದಂತೆ ತಪ್ಪು ಬೆಳೆದರೆ ಫಿಡ್ಯೂಷಿಯಲ್ ಕಡೆ ನೋಡಿ. ಎರಡು ಗುರುತುಗಳ ನಡುವೆ 20 ಮಿ.ಮೀ. ಮಾತ್ರ ಇದ್ದು, ಒಂದನ್ನು ಓದುವಾಗ 0.02 ಮಿ.ಮೀ. ತಪ್ಪಿದರೆ 200 ಮಿ.ಮೀ. ಆಚೆ ಅದು 0.2 ಆಗುತ್ತದೆ. ಕರ್ಣದ ಎರಡು ತುದಿಯ ಗುರುತುಗಳನ್ನೇ ಆರಿಸಿ, ಅದೂ ತಾಮ್ರದಲ್ಲಿ ಕೊರೆದದ್ದನ್ನು, 1 ಮಿ.ಮೀ. ವ್ಯಾಸದ ಉರುಟು. ಸಿಲ್ಕ್‌ಸ್ಕ್ರೀನ್ ಬಿಳಿ ಗುರುತು ಬೇರೆ ಹಂತದಲ್ಲಿ ಮುದ್ರಣವಾಗುವುದರಿಂದ ತಾಮ್ರಕ್ಕೆ ಹೊಂದಿಕೊಂಡೇ ಇರುತ್ತದೆ ಎನ್ನುವಂತಿಲ್ಲ. ಇನ್ನು ಬೊಟ್ಟುಗಳು ದಿಕ್ಕುದೆಸೆಯಿಲ್ಲದೆ ಚೆದುರಿದ್ದರೆ ಆಫ್‌ಸೆಟ್ ಮುಟ್ಟಲೇಬೇಡಿ. ಬೋರ್ಡ್ ಸಡಿಲವೋ, ಸಿರಿಂಜಿನಲ್ಲಿ ಗುಳ್ಳೆಯೋ, ಸೂಜಿಯ ಎತ್ತರ ತಪ್ಪಿದೆಯೋ ಅದನ್ನು ಹುಡುಕಿ.

*

ಪ್ರಶ್ನೆ: ಬೋರ್ಡ್ 120 × 80 ಮಿ.ಮೀ., ಟಾಲರೆನ್ಸ್ (ಒಪ್ಪಬಹುದಾದ ತಪ್ಪು) ±0.1 ಮಿ.ಮೀ. ಮೇಲಿನಿಂದ ಒಂದೇ 5 ಮೆಗಾಪಿಕ್ಸೆಲ್ ಕ್ಯಾಮೆರಾ ಇಟ್ಟು ಇಡೀ ಬೋರ್ಡನ್ನು ಒಂದೇ ಚಿತ್ರದಲ್ಲಿ ನೋಡಿದರೆ ಸಾಲದೆ?
(ಮೈಸೂರು)

ಉತ್ತರ: ಬರೀ ಪಿಕ್ಸೆಲ್ ಲೆಕ್ಕದಲ್ಲಿ ಕಷ್ಟಪಟ್ಟು ಸಾಲುತ್ತದೆ. 5 ಮೆಗಾಪಿಕ್ಸೆಲ್ ಎಂದರೆ ಸಾಮಾನ್ಯವಾಗಿ 2448 × 2048. ಅಂಚು ಸೇರಿಸಿ 125 ಮಿ.ಮೀ. ಅಗಲ ನೋಡಿದರೆ ಒಂದು ಪಿಕ್ಸೆಲ್ 0.051 ಮಿ.ಮೀ. ಬೆಳಕು ಚೆನ್ನಾಗಿದ್ದರೆ ಸಾಫ್ಟ್‌ವೇರ್ ಪಿಕ್ಸೆಲ್‌ನ ಐದನೇ ಒಂದು ಭಾಗದವರೆಗೆ ಅಂದಾಜಿಸಬಲ್ಲದು, ಅಂದರೆ 0.01.

ಕೈಕೊಡುವುದು ಲೆನ್ಸ್. ಸಾಮಾನ್ಯ ಲೆನ್ಸ್ 300 ಮಿ.ಮೀ. ಎತ್ತರದಲ್ಲಿದ್ದರೆ, ನಡುವಿನಿಂದ 60 ಮಿ.ಮೀ. ದೂರದ ಅಂಚನ್ನು ಅದು ಓರೆಯಾಗಿ ನೋಡುತ್ತದೆ: ಪ್ರತಿ 1 ಮಿ.ಮೀ. ಎತ್ತರದ ವ್ಯತ್ಯಾಸಕ್ಕೆ 0.2 ಮಿ.ಮೀ. ಪಕ್ಕಕ್ಕೆ. ಎಸ್‌ಎಂಟಿ ಬೋರ್ಡ್‌ಗೆ ಎಲೆಕ್ಟ್ರಾನಿಕ್ಸ್ ಉದ್ಯಮದ ಮಾನದಂಡ ಸಂಸ್ಥೆ ಐಪಿಸಿ ಒಪ್ಪುವ ಬಾಗು ಶೇ. 0.75, ನಿಮ್ಮ 120 ಮಿ.ಮೀ.ಗೆ ಅದು 0.9 ಮಿ.ಮೀ. ಅಷ್ಟು ಬಾಗಿದ ಬೋರ್ಡಿನ ಅಂಚಿನಲ್ಲಿ ಕ್ಯಾಮೆರಾ 0.18 ಮಿ.ಮೀ. ಸುಳ್ಳು ಹೇಳುತ್ತದೆ. ಟಾಲರೆನ್ಸೇ 0.1.

ಇದಕ್ಕೆ ಟೆಲಿಸೆಂಟ್ರಿಕ್ ಲೆನ್ಸ್ ಮದ್ದು. ಅದು ಎಲ್ಲವನ್ನೂ ನೇರ ಮೇಲಿನಿಂದಲೇ ನೋಡುತ್ತದೆ. ಆದರೆ ನೋಡುವ ವಸ್ತುವಿಗಿಂತ ಲೆನ್ಸಿನ ಮುಂಭಾಗ ದೊಡ್ಡದಿರಬೇಕು, 120 ಮಿ.ಮೀ. ಬೋರ್ಡಿಗೆ ಅದು ದೊಡ್ಡ ಡಬ್ಬದಷ್ಟಾಗಿ ಬೆಲೆಯೂ ಹಾಗೆಯೇ ಏರುತ್ತದೆ. ಅದಕ್ಕಿಂತ ಜಾಣ ಉಪಾಯವೆಂದರೆ ಅಳೆಯುವ ವಿಧಾನವನ್ನೇ ಬದಲಿಸುವುದು. ಬೊಟ್ಟನ್ನು ಯಂತ್ರದ ಅಕ್ಷಗಳಿಗೆ ಹೋಲಿಸಬೇಡಿ, ಅದರ ಎಡಬಲದ ಎರಡು ಪ್ಯಾಡ್‌ಗಳಿಗೆ (ಬಿಡಿಭಾಗವನ್ನು ಬೆಸೆಯುವ ತಾಮ್ರದ ತುಣುಕು) ಹೋಲಿಸಿ. ಬೋರ್ಡ್ ಬಾಗಿದರೆ ಪ್ಯಾಡೂ ಬೊಟ್ಟೂ ಒಟ್ಟಿಗೇ ಸರಿಯುತ್ತವೆ, ಓರೆನೋಟದ ತಪ್ಪು ಬಹುಪಾಲು ಅಲ್ಲೇ ವಜಾ ಆಗುತ್ತದೆ. ನಿಮಗೆ ಬೇಕಾದದ್ದೂ ಅದೇ ತಾನೆ? ಅಂಟು ಪ್ಯಾಡ್ ಮುಟ್ಟಿದರೆ ಅಲ್ಲಿ ಸೋಲ್ಡರ್ ಹಿಡಿಯುವುದಿಲ್ಲ. ಬೊಟ್ಟಿನ ಕೇಂದ್ರ ಎಷ್ಟು ಸರಿದಿದೆ ಎನ್ನುವುದಕ್ಕಿಂತ ಬೊಟ್ಟಿನ ಅಂಚಿಗೂ ಪ್ಯಾಡಿನ ಅಂಚಿಗೂ ಎಷ್ಟು ಸಂದು ಉಳಿದಿದೆ ಎನ್ನುವುದೇ ಸರಿಯಾದ ಅಳತೆ. ಬಿಡಿಭಾಗವನ್ನು ಮೇಲೆ ಒತ್ತಿದಾಗ ಬೊಟ್ಟು ಹರಡುತ್ತದೆ ಎಂಬುದನ್ನು ಮರೆಯದೆ ಆ ಸಂದಿನ ಮಿತಿ ಹಾಕಿ.

*

ಪ್ರಶ್ನೆ: ಬೊಟ್ಟು ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಕ್ಯಾಮೆರಾ ಮಾತ್ರ ರಿಜೆಕ್ಟ್ ಅನ್ನುತ್ತದೆ. ಆಪರೇಟರ್‌ಗಳು ಈಗ ಅಲಾರಂ ಬಂದರೆ ನೋಡದೆಯೇ ಓಕೆ ಒತ್ತುತ್ತಾರೆ.
(ತುಮಕೂರು)

ಉತ್ತರ: ನೋಡದೆ ಓಕೆ ಒತ್ತುವ ಹಂತ ಬಂದಿದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತೆ. ರಿಜೆಕ್ಟ್ ಆದ ಇಪ್ಪತ್ತು ಚಿತ್ರಗಳನ್ನು ತೆರೆದು ನೋಡಿ. ಬೊಟ್ಟಿಗೆ ಸಣ್ಣ ಬಾಲ ಇರುವ ಸಾಧ್ಯತೆ ಹೆಚ್ಚು. ಸೂಜಿ ಮೇಲೇಳುವಾಗ ಅಂಟು ನೂಲಿನಂತೆ ಎಳೆದು ಒಂದು ಪಕ್ಕಕ್ಕೆ ಬೀಳುತ್ತದೆ. ಬಿಳಿ ಪಿಕ್ಸೆಲ್‌ಗಳನ್ನೆಲ್ಲ ಕೂಡಿಸಿ ಕೇಂದ್ರ ತೆಗೆಯುವ ಸಾಫ್ಟ್‌ವೇರ್‌ಗೆ ಬಾಲವೂ ಬೊಟ್ಟಿನದೇ ಭಾಗ. ಕೇಂದ್ರ ಬಾಲದ ಕಡೆ ಜಾರುತ್ತದೆ. ಹೊರಗಿನಿಂದ ಸುತ್ತುವ ಅತಿ ಚಿಕ್ಕ ವೃತ್ತ ತೆಗೆಯುವ ವಿಧಾನವಂತೂ ಇನ್ನೂ ಕೆಟ್ಟದ್ದು, ಬಾಲದ ತುದಿಯೇ ವೃತ್ತವನ್ನು ನಿರ್ಧರಿಸುತ್ತದೆ.

ಚಿತ್ರವನ್ನು ಮೊದಲು ಸವೆಸಿ ಆಮೇಲೆ ಅಷ್ಟೇ ಉಬ್ಬಿಸುವ ಕ್ರಿಯೆ ಎಲ್ಲ ವಿಷನ್ ಸಾಫ್ಟ್‌ವೇರ್‌ಗಳಲ್ಲೂ ಇದೆ, ಓಪನಿಂಗ್ ಎನ್ನುತ್ತಾರೆ. ಬಾಲದ ದಪ್ಪ 0.1 ಮಿ.ಮೀ. ಇದ್ದರೆ 0.15 ಮಿ.ಮೀ. ಅಳತೆಯ ಮಾಸ್ಕ್ (ಎಷ್ಟು ದಪ್ಪದವರೆಗೆ ಸವೆಸಬೇಕೆಂದು ಹೇಳುವ ಅಳತೆ) ಕೊಡಿ. ಬಾಲ ಅಳಿಸಿಹೋಗಿ ಬೊಟ್ಟು ಉಳಿಯುತ್ತದೆ. ಕೇಂದ್ರ ಇದರಿಂದ ತೆಗೆಯಿರಿ. ಬಾಲ ಪ್ಯಾಡ್ ಮುಟ್ಟಿತೋ ಇಲ್ಲವೋ ಎಂಬುದನ್ನು ಮೂಲ ಚಿತ್ರದಲ್ಲಿ ಬೇರೆಯಾಗಿ ಪರೀಕ್ಷಿಸಿ.

ಬಾಲವನ್ನೇ ಇಲ್ಲವಾಗಿಸುವುದು ಇನ್ನೂ ಒಳ್ಳೆಯದು. ಸೂಜಿಗೂ ಬೋರ್ಡಿಗೂ ನಡುವಿನ ಎತ್ತರವನ್ನು ಸೂಜಿಯ ಒಳವ್ಯಾಸದ ಅರ್ಧದಿಂದ ಶುರು ಮಾಡಿ. 22 ಗೇಜ್ ಸೂಜಿಯ ಒಳವ್ಯಾಸ 0.41, ಹಾಗಾಗಿ 0.2 ಮಿ.ಮೀ. ಇದಕ್ಕಿಂತ ತುಂಬ ಮೇಲಿದ್ದರೆ ಅಂಟು ಬೋರ್ಡಿಗೆ ಹತ್ತದೆ ಸೂಜಿಯ ಜೊತೆ ವಾಪಸು ಹೋಗುತ್ತದೆ. ತುಂಬ ಕೆಳಗಿದ್ದರೆ ಸೂಜಿ ಬೊಟ್ಟಿನಲ್ಲಿ ಮುಳುಗಿ, ಹೊರಮೈಗೆ ಅಂಟು ಹತ್ತಿ, ಮುಂದಿನ ಬೊಟ್ಟಿನ ಮೇಲೆ ಕೆಡವುತ್ತದೆ. 0.2 ಮಿ.ಮೀ. ಎತ್ತರ ಕಾಯಬೇಕಾದ ಕಡೆ ಬೋರ್ಡೇ 0.9 ಬಾಗಿದ್ದರೆ ಏನು ಗತಿ? ಆದ್ದರಿಂದ ಎತ್ತರ ಅಳೆಯುವ ಲೇಸರ್ ಅಥವಾ ಮುಟ್ಟುವ ಪ್ರೋಬ್ ಇಲ್ಲದೆ ಈ ಕೆಲಸ ನೆಟ್ಟಗಾಗುವುದಿಲ್ಲ. ಅಂಟು ಬಿಟ್ಟ ಮೇಲೆ ಒತ್ತಡ ಇಳಿಯಲು ಕ್ಷಣ ನಿಂತು, ಮೊದಲ ಒಂದೆರಡು ಮಿ.ಮೀ. ನಿಧಾನಕ್ಕೆ ಏರಿ, ಆಮೇಲೆ ವೇಗ ಹೆಚ್ಚಿಸಿ. ಫ್ರಿಜ್ಜಿನಿಂದ ತೆಗೆದ ಸಿರಿಂಜ್ ಕೋಣೆಯ ಬಿಸಿಗೆ ಬರುವ ಮುಂಚೆ ಹಾಕಿದರೂ ಬಾಲ ಗ್ಯಾರಂಟಿ.

*

ಪ್ರಶ್ನೆ: ನಮ್ಮ ಅಂಟು ನೀರಿನಂತೆ ಪಾರದರ್ಶಕ. ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ.
(ಹೊಸೂರು)

ಉತ್ತರ: ಅಂಟು ಯುವಿ ಬೆಳಕಿಗೆ ಗಟ್ಟಿಯಾಗುವ ಜಾತಿಯದ್ದಾದರೆ, ಹೊಳೆಯುವ ಬಣ್ಣ ಬೆರೆಸಿದ ಬಗೆ ಸಿಗುತ್ತದೆಯೇ ಎಂದು ಪೂರೈಕೆದಾರರನ್ನು ಕೇಳಿ. 365 ನ್ಯಾನೋಮೀಟರ್ ಯುವಿ ಎಲ್‌ಇಡಿ ಹಾಯಿಸಿದರೆ ಬೊಟ್ಟು ನೀಲಿಯಾಗಿ ಹೊಳೆಯುತ್ತದೆ, ಬೋರ್ಡ್ ಕತ್ತಲಾಗುತ್ತದೆ. ಲೆನ್ಸ್ ಮುಂದೆ ಯುವಿ ತಡೆಯುವ ಫಿಲ್ಟರ್ ಹಾಕಿ. ಒಂದು ಎಚ್ಚರಿಕೆ: ನೋಡಲು ಹಾಯಿಸುವ ಬೆಳಕೇ ಅಂಟನ್ನು ಗಟ್ಟಿ ಮಾಡಲು ಶುರು ಮಾಡುತ್ತದೆ. ಮಿಂಚಿನಂತೆ ಕ್ಷಣಮಾತ್ರ ಹಾಯಿಸಿ, ಸೂಜಿಯ ತುದಿಗೆ ಎಂದೂ ತಾಗಿಸಬೇಡಿ, ತುದಿಯೇ ಕಟ್ಟಿಕೊಳ್ಳುತ್ತದೆ.

ಅಂಥ ಅಂಟು ಸಿಗದಿದ್ದರೆ ಬೆಳಕನ್ನು ಬದಲಿಸಿ. ರಿಂಗ್ ಲೈಟ್ ಹಾಕಿದರೆ ಹನಿಯ ಮೇಲೆ ಬಳೆಯಂತೆ ಪ್ರತಿಫಲನ ಕಾಣುತ್ತದೆ. ಅದನ್ನು ಹನಿಯ ಅಂಚು ಎಂದು ತಿಳಿಯುವ ತಪ್ಪು ತೀರಾ ಸಾಮಾನ್ಯ. ನೆಲಮಟ್ಟದಿಂದ ಅಡ್ಡಡ್ಡ ಬೀಳುವ ಬೆಳಕು ಹಾಕಿ; ಸಪಾಟು ಬೋರ್ಡ್ ಕಪ್ಪಾಗಿ, ಹನಿಯ ಉಬ್ಬು ಅಂಚು ಬೆಳ್ಳಗೆ ಕಾಣುತ್ತದೆ. ಅದೂ ಆಗದಿದ್ದರೆ ಅಂಟು ಇಡುವ ಮುಂಚೆ ಒಂದು ಚಿತ್ರ, ಇಟ್ಟ ಮೇಲೆ ಅದೇ ಜಾಗದಿಂದ ಒಂದು ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು ಅಂಟು.

ಕೆಂಪು ಅಂಟಿನವರಿಗೂ ಇಲ್ಲೇ ಹೇಳಿಬಿಡಬಹುದು. ಕಪ್ಪು-ಬಿಳುಪು ಕ್ಯಾಮೆರಾ ಮತ್ತು ಬಿಳಿ ಬೆಳಕಿನಲ್ಲಿ ಹಸಿರು ಬೋರ್ಡೂ ಕೆಂಪು ಬೊಟ್ಟೂ ಒಂದೇ ಬೂದು ಬಣ್ಣವಾಗಿ ಕಾಣಬಹುದು. ಕೆಂಪು ಎಲ್‌ಇಡಿ ಹಾಕಿ, ಬೊಟ್ಟು ಬೆಳಗಿ ಬೋರ್ಡ್ ಕಪ್ಪಾಗುತ್ತದೆ. ದುಬಾರಿ ಕ್ಯಾಮೆರಾಕ್ಕಿಂತ ಈ ಎಲ್‌ಇಡಿಯೇ ಹೆಚ್ಚು ಕೆಲಸ ಮಾಡುತ್ತದೆ.

*

ಪ್ರಶ್ನೆ: ಬೆಳಿಗ್ಗೆ ಸರಿ, ಮಧ್ಯಾಹ್ನ ಎರಡು ಗಂಟೆ ಮೇಲೆ ತಪ್ಪು. ದಿನವೂ ಇದೇ ಕಥೆ.
(ಬಳ್ಳಾರಿ)

ಉತ್ತರ: ಎರಡು ಸಮಸ್ಯೆಗಳು ಒಟ್ಟಿಗೆ ಬಂದಿರಬಹುದು, ಬೇರ್ಪಡಿಸಿ ನೋಡಿ. ಬೊಟ್ಟಿನ ಜಾಗ ಸರಿಯುತ್ತಿದ್ದರೆ ಲೋಹ ಹಿಗ್ಗುತ್ತಿದೆ. ಅಲ್ಯೂಮಿನಿಯಂ ಒಂದು ಮೀಟರಿಗೆ ಪ್ರತಿ ಡಿಗ್ರಿಗೆ 23 ಮೈಕ್ರಾನ್ ಹಿಗ್ಗುತ್ತದೆ. 300 ಮಿ.ಮೀ. ತೋಳು 8 ಡಿಗ್ರಿ ಬಿಸಿಯಾದರೆ 0.055 ಮಿ.ಮೀ. ಬೊಟ್ಟಿನ ಗಾತ್ರ ಹೆಚ್ಚುತ್ತಿದ್ದರೆ ಅಂಟು ತೆಳುವಾಗುತ್ತಿದೆ. ಕ್ಯಾಲಿಬ್ರೇಶನ್‌ಗೆ ಮುಂಚೆ ಅರ್ಧ ಗಂಟೆ ಅಂಟು ಬಿಡದೆ ಯಂತ್ರ ಓಡಿಸಿ, ಊಟದ ಬಿಡುವಿನ ಬಳಿಕ ಫಿಕ್ಸ್ಚರ್ ಮೇಲಿನ ಸ್ಥಿರ ಗುರುತನ್ನು ಮತ್ತೆ ಓದಿಸಿ. ಸಿರಿಂಜಿಗೆ ಬಿಸಿ ಮಾಡುವ ಕವಚ ಹಾಕುವುದಾದರೆ, ಅಂಟಿನ ಕಂಪನಿ ಒಪ್ಪುವ ಮಿತಿಯೊಳಗೆ, ನಿಮ್ಮ ಶೆಡ್ಡಿನ ಅತಿ ಹೆಚ್ಚಿನ ಬಿಸಿಗಿಂತ ತುಸು ಮೇಲಕ್ಕೆ ಇಡಿ. ಕವಚಕ್ಕೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಬಳ್ಳಾರಿಯ ಬೇಸಿಗೆಗೆ ಆ ಮಿತಿಯೇ ಅಡ್ಡ ಬಂದರೆ ಯಂತ್ರದ ಸುತ್ತ ಗೂಡು ಕಟ್ಟಿ ಎಸಿ ಹಾಕುವುದೇ ದಾರಿ.

ಕಿಟಕಿಯನ್ನೂ ನೋಡಿ. ಮಧ್ಯಾಹ್ನದ ಬಿಸಿಲು ಬೋರ್ಡಿನ ಮೇಲೆ ಬಿದ್ದು ಅಂಚು ಗುರುತಿಸುವ ಮಟ್ಟವೇ ಬದಲಾಗಿರಬಹುದು. ಕಪ್ಪು ಮುಸುಕು ಹಾಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

*

ಪ್ರಶ್ನೆ: ಪಾಲಿಟೆಕ್ನಿಕ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇಂಥದ್ದೊಂದು ಕಡಿಮೆ ಖರ್ಚಿನಲ್ಲಿ ಮಾಡಬೇಕು ಅಂತಿದ್ದೇವೆ. ಹಳೇ 3ಡಿ ಪ್ರಿಂಟರ್ ಒಂದಿದೆ.
(ಹುಬ್ಬಳ್ಳಿ)

ಉತ್ತರ: ಆಗುತ್ತದೆ. ರಾಸ್ಪ್‌ಬೆರಿ ಪೈ ಗ್ಲೋಬಲ್ ಶಟರ್ (ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವ) ಕ್ಯಾಮೆರಾ ತೆಗೆದುಕೊಳ್ಳಿ: 1456 × 1088 ಪಿಕ್ಸೆಲ್, ಒಂದೊಂದು ಪಿಕ್ಸೆಲ್ 3.45 ಮೈಕ್ರಾನ್. 0.5 ಪಟ್ಟಿನ ಲೆನ್ಸ್ ಹಾಕಿದರೆ ಸುಮಾರು 10 × 7.5 ಮಿ.ಮೀ. ಜಾಗ ಕಾಣುತ್ತದೆ, ಪಿಕ್ಸೆಲ್‌ಗೆ 6.9 ಮೈಕ್ರಾನ್. ಸಾಫ್ಟ್‌ವೇರ್‌ಗೆ ಓಪನ್‌ಸಿವಿ ಸಾಕು, ಉಚಿತ.

ನಿಮಗೆ ಎಡವಟ್ಟಾಗುವುದು ಪ್ರಿಂಟರ್‌ನ ಬೆಲ್ಟ್. 20 ಹಲ್ಲಿನ ಪುಲ್ಲಿ, 2 ಮಿ.ಮೀ. ಅಂತರದ ಹಲ್ಲು, 200 ಹೆಜ್ಜೆಯ ಮೋಟಾರ್, 16 ಮೈಕ್ರೋಸ್ಟೆಪ್ (ಒಂದು ಹೆಜ್ಜೆಯ 16 ಪಾಲು) ಎಂದರೆ ಕಾಗದದ ಮೇಲೆ ಹೆಜ್ಜೆಗೆ 0.0125 ಮಿ.ಮೀ. ಬರುತ್ತದೆ. ವರದಿಯಲ್ಲಿ ಅದನ್ನೇ ನಿಖರತೆ ಎಂದು ಬರೆಯಬೇಡಿ, ಪರೀಕ್ಷಕರು ಹಿಡಿಯುತ್ತಾರೆ. ಬೆಲ್ಟಿನ ಎಳೆತ, ಸಡಿಲು ಸೇರಿ ಅದರ ಹಲವು ಪಟ್ಟು ತಪ್ಪು ಇರುತ್ತದೆ. ಯಾವ ಬಿಂದುವಿಗೂ ಒಂದೇ ದಿಕ್ಕಿನಿಂದ ಬಂದು ನಿಲ್ಲುವಂತೆ ಪ್ರೋಗ್ರಾಂ ಬರೆಯಿರಿ, ಅರ್ಧ ತಲೆನೋವು ಹೋಗುತ್ತದೆ. ನಿಂತ ಮೇಲೆ 0.1 ಸೆಕೆಂಡ್ ಕಾದು ಚಿತ್ರ ತೆಗೆಯಿರಿ. ಓಡುತ್ತಲೇ ತೆಗೆಯುವ ಆಸೆಯಿದ್ದರೆ ಲೆಕ್ಕ ಇಷ್ಟು: ಸೆಕೆಂಡಿಗೆ 100 ಮಿ.ಮೀ. ವೇಗ, 1 ಮಿಲಿಸೆಕೆಂಡ್ ಶಟರ್ ಎಂದರೆ 0.1 ಮಿ.ಮೀ. ಮಸುಕು.

*

ಪ್ರಶ್ನೆ: ಕ್ಯಾಮೆರಾ ಕೊಡುವ ಅಂಕಿಯನ್ನೇ ನಂಬಬಹುದೆಂದು ಗ್ರಾಹಕರಿಗೆ ತೋರಿಸುವುದು ಹೇಗೆ?
(ಬೆಳಗಾವಿ)

ಉತ್ತರ: ಒಂದೇ ಬೊಟ್ಟನ್ನು 50 ಸಲ ಅಳೆಯಿರಿ. ಹಸಿ ಬೊಟ್ಟು ಬೇಡ, ಅಳೆಯುತ್ತಿರುವಾಗಲೇ ಹರಡುತ್ತದೆ. ಓವನ್‌ನಲ್ಲಿ ಗಟ್ಟಿಯಾದದ್ದನ್ನು ಆರಿಸಿ. ಪ್ರತಿ ಅಳತೆಯ ನಡುವೆ ಬೋರ್ಡನ್ನು ಹೊರತೆಗೆದು ಮತ್ತೆ ಕೂರಿಸಿ. ಟಾಲರೆನ್ಸ್ ±0.1 ಎಂದರೆ ಒಟ್ಟು ಅಗಲ 0.2, ಅದರ ಐದನೇ ಒಂದು ಭಾಗ 0.04. ಇದನ್ನು ಅಳತೆಗಳ ಸಿಗ್ಮಾದ (ಸರಾಸರಿಯಿಂದ ಅಳತೆಗಳು ಎಷ್ಟು ಚೆದುರಿವೆ ಎಂದು ಹೇಳುವ ಅಂಕಿ) ಆರು ಪಟ್ಟಿನಿಂದ ಭಾಗಿಸಿದಾಗ 1.33 ಅಥವಾ ಹೆಚ್ಚು ಬರಬೇಕು. ಅಂದರೆ ಸಿಗ್ಮಾ 0.005 ಮಿ.ಮೀ. ಮೀರಬಾರದು. ಇದು ಕ್ಯಾಮೆರಾದ ಸ್ಥಿರತೆ ಮಾತ್ರ. ಸತ್ಯ ಹೇಳುತ್ತಿದೆಯೇ ಎಂಬುದಕ್ಕೆ ಅದೇ ಬೊಟ್ಟನ್ನು ಕ್ಯಾಲಿಬ್ರೇಟ್ ಆದ ಟೂಲ್‌ಮೇಕರ್ಸ್ ಮೈಕ್ರೋಸ್ಕೋಪಿನಲ್ಲಿ ಅಳೆದು ಹೋಲಿಸಿ. ಸದಾ 0.04 ತಪ್ಪನ್ನೇ ನಿಷ್ಠೆಯಿಂದ ಹೇಳುವ ಕ್ಯಾಮೆರಾಗಳೂ ಇವೆ.

*

ಪ್ರಶ್ನೆ: ಬೊಟ್ಟಿನಲ್ಲಿ ಎಷ್ಟು ಅಂಟಿದೆ ಎಂದು ಇದೇ ಕ್ಯಾಮೆರಾ ಹೇಳೀತೆ?
(ಮಂಗಳೂರು)

ಉತ್ತರ: ಇಲ್ಲ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಎತ್ತರ ಕಾಣದು. ನೂರು ಬೊಟ್ಟುಗಳನ್ನು ಫಾಯಿಲ್ ಮೇಲೆ ಬಿಟ್ಟು ತೂಗಿ. 1 ಮಿ.ಮೀ. ವ್ಯಾಸದ ಅರ್ಧಗೋಳದ ಬೊಟ್ಟು 0.26 ಮೈಕ್ರೋಲೀಟರ್, ನೂರಕ್ಕೆ ಸುಮಾರು 30 ಮಿಲಿಗ್ರಾಂ, 0.1 ಮಿಲಿಗ್ರಾಂ ತೋರಿಸುವ ತಕ್ಕಡಿ ಸಾಕು.

*

ಪ್ರಶ್ನೆ: ಕ್ಯಾಮೆರಾ ತಪ್ಪು ಕಂಡ ಕೂಡಲೇ ಯಂತ್ರವೇ ಆಫ್‌ಸೆಟ್ ತಿದ್ದಿಕೊಳ್ಳುವಂತೆ ಮಾಡಿದ್ದೇವೆ. ಆಮೇಲೆ ರಿಜೆಕ್ಟ್ ಕಡಿಮೆಯಾಗುವ ಬದಲು ಹೆಚ್ಚಾಗಿದೆ!
(ಬೊಮ್ಮಸಂದ್ರ)

ಉತ್ತರ: ಹೆಚ್ಚಾಗಲೇಬೇಕು. ಪ್ರತಿ ಬೋರ್ಡಿನ ತಪ್ಪಿನಲ್ಲೂ ಒಂದಿಷ್ಟು ಆಕಸ್ಮಿಕ ಇರುತ್ತದೆ. ಈ ಬೋರ್ಡ್ ಬಲಕ್ಕೆ 0.03 ಬಿತ್ತೆಂದು ಎಡಕ್ಕೆ 0.03 ತಿದ್ದಿದರೆ, ಹಳೆಯ ಆಕಸ್ಮಿಕವನ್ನು ಹೊಸದರ ತಲೆಗೆ ಕಟ್ಟಿದಂತೆ. ಹೀಗೆ ಪ್ರತಿ ಸಲ ಪೂರ್ತಿ ತಿದ್ದಿದರೆ ಚೆದುರುವಿಕೆ ಸುಮಾರು 1.4 ಪಟ್ಟಾಗುತ್ತದೆ. ಕೊನೆಯ 20 ಬೋರ್ಡುಗಳ ಸರಾಸರಿ ತೆಗೆದು, ಅದು 0.03 ಮಿ.ಮೀ. ದಾಟಿದರೆ ಮಾತ್ರ, ಅದರ ಅರ್ಧದಷ್ಟು ತಿದ್ದಲಿ. ಒಂದು ಸೂಜಿಯ ಆಯುಷ್ಯದಲ್ಲಿ ಒಟ್ಟು ತಿದ್ದುಪಡಿ 0.1 ಮುಟ್ಟಿದರೆ ಯಂತ್ರ ನಿಂತು ಆಪರೇಟರನ್ನು ಕರೆಯಲಿ. ಅಷ್ಟು ಹೊತ್ತಿಗೆ ಸೂಜಿ ಬಾಗಿರುತ್ತದೆ, ಇಲ್ಲವೇ ಫಿಕ್ಸ್ಚರ್‌ನ ಪಿನ್ ಸವೆದಿರುತ್ತದೆ.